ಕಡಲಂಚಿನ ಗೋಪುರ, ಕಡಲಿಲ್ಲದ ಊರು

(ಬೆಂಗಳೂರಿನಲ್ಲಿ ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿಗೆ 250 ಮೀಟರ್ ಎತ್ತರದ ಸ್ಕೈಡೆಕ್, ಅಂದರೆ ಮೇಲೆ ಹತ್ತಿ ಊರು ನೋಡುವ ಗೋಪುರ, ಬೇಕು ಅನ್ನುವ ಮಾತು ಈಚಿನ ವರ್ಷಗಳಲ್ಲಿ ಜೋರಾಗಿ ನಡೆದಿದೆ. 2024ರಲ್ಲಿ ಅದು ಸಚಿವ ಸಂಪುಟದವರೆಗೂ ಹೋಯಿತು, ಅದನ್ನು ಕಟ್ಟುವ ಜಾಗವಾಗಿ ಹೆಮ್ಮಿಗೆಪುರದ ಹೆಸರು ಕೇಳಿಬಂತು. ಬೇಕು ಅನ್ನುವವರು ಎತ್ತರದ ಲೆಕ್ಕ ಹೇಳುತ್ತಾರೆ, ಬೇಡ ಅನ್ನುವವರು ಖರ್ಚಿನ ಲೆಕ್ಕ ಹೇಳುತ್ತಾರೆ. ಎರಡು ಲೆಕ್ಕಗಳೂ ಮುಖ್ಯವೇ. ಆದರೆ ಪ್ರಸಾರ ತಂತ್ರಜ್ಞಾನದ ಕೆಲಸದಲ್ಲಿ ಬಹಳ ಕಾಲ ಇದ್ದ ನನಗೆ ಮೊದಲು ಏಳುವ ಪ್ರಶ್ನೆ ಬೇರೆ. ಉದ್ಘಾಟನೆಯ ಗದ್ದಲ ಮುಗಿದು ಹತ್ತು ವರ್ಷವಾದ ಮೇಲೆ, ಒಂದು ಮಾಮೂಲಿ ಮಂಗಳವಾರದ ಮಧ್ಯಾಹ್ನ, ಆ ಗೋಪುರ ಏನು ಕೆಲಸ ಮಾಡುತ್ತಿರುತ್ತದೆ?

ಈ ಪ್ರಶ್ನೆ ಹಿಡಿದುಕೊಂಡು ಜಪಾನಿನ ಒಂದು ಊರಿಗೆ ಹೋಗೋಣ. ಊರು ಫುಕುವೋಕಾ. ಜಪಾನಿನ ದಕ್ಷಿಣದ ದೊಡ್ಡ ದ್ವೀಪ ಕ್ಯೂಶು, ಅದರ ಉತ್ತರ ದಂಡೆಯಲ್ಲಿ ಹಕಾಟಾ ಕೊಲ್ಲಿ, ಕೊಲ್ಲಿಯ ಸುತ್ತ ಬಳಸಿ ಕೂತ ಊರು ಇದು. ಅಲ್ಲಿ ನೀರಿನ ಅಂಚಿನಲ್ಲೇ 234 ಮೀಟರ್ ಎತ್ತರದ ಒಂದು ಗೋಪುರವಿದೆ. ಕಡಲ ತೀರದಲ್ಲಿರುವ ಗೋಪುರಗಳಲ್ಲಿ ಜಪಾನಿಗೆಲ್ಲ ಅದೇ ಎತ್ತರ. ಅದರ ಮೇಲೆ ಹತ್ತಿ ಊರು, ಕಡಲು ನೋಡಬಹುದು. ಅದರ ನೆತ್ತಿಯಿಂದ ರೇಡಿಯೊ, ಟಿವಿ ಪ್ರಸಾರವಾಗುತ್ತದೆ. ಒಂದೇ ಕಂಬಕ್ಕೆ ಈ ಎರಡು ಕೆಲಸ ಯಾಕೆ ಕೂಡಿಬಂದವು ಅನ್ನುವುದೇ ಇವತ್ತಿನ ನನ್ನ ಮಾತಿನ ತಿರುಳು.

ಮೊದಲು ನೆಲದ ಕಥೆ. ಗೋಪುರ ನಿಂತಿರುವ ಮೊಮೊಚಿಹಾಮಾ ಅನ್ನುವ ಜಾಗ ಹಿಂದೆ ನೆಲವೇ ಆಗಿರಲಿಲ್ಲ. 1980ರ ದಶಕದಲ್ಲಿ ಕೊಲ್ಲಿಯ ಅಂಚಿಗೆ ಮಣ್ಣು ತುಂಬಿ ಮಾಡಿದ ಬಡಾವಣೆ ಅದು. ಫುಕುವೋಕಾ ನಗರಸಭೆ ಹುಟ್ಟಿದ್ದು 1889ರಲ್ಲಿ. ನದಿಯ ಒಂದು ಬದಿಯಲ್ಲಿ ವ್ಯಾಪಾರಿಗಳ ಹಕಾಟಾ, ಇನ್ನೊಂದು ಬದಿಯಲ್ಲಿ ಕೋಟೆಯವರ ಫುಕುವೋಕಾ. ಎರಡೂ ಸೇರಿ ಒಂದು ಊರಾದವು. ಊರಿಗೆ ಫುಕುವೋಕಾ ಅಂತ ಹೆಸರಾಯಿತು, ರೈಲು ನಿಲ್ದಾಣಕ್ಕೆ ಮಾತ್ರ ಇವತ್ತಿಗೂ ಹಕಾಟಾ ಅಂತಲೇ ಹೆಸರು. ಪೇಟೆ ಮತ್ತು ದಂಡು 1949ರಲ್ಲಿ ಒಂದಾದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಗರಸಭೆಗೆ ನೂರು ತುಂಬಿದ 1989ರಲ್ಲಿ ಆ ಹೊಸ ನೆಲದ ಮೇಲೆ ಏಷ್ಯಾ ಪೆಸಿಫಿಕ್ ವಸ್ತುಪ್ರದರ್ಶನ ನಡೆಯಿತು. ಮಾರ್ಚ್ 17ರಿಂದ ಸೆಪ್ಟೆಂಬರ್ 3ರವರೆಗೆ, 171 ದಿನ. ಗೋಪುರ ಕಟ್ಟಿದ್ದು ಆ ಪ್ರದರ್ಶನದ ಸಂದರ್ಭಕ್ಕೆ.

ಇಲ್ಲಿ ಸ್ವಲ್ಪ ನಿಲ್ಲೋಣ. ವಸ್ತುಪ್ರದರ್ಶನಕ್ಕೆಂದು ಕಟ್ಟಿದ್ದು ಸಾಮಾನ್ಯವಾಗಿ ಪ್ರದರ್ಶನದ ಜೊತೆಗೇ ಹೋಗುತ್ತದೆ. ಮಂಟಪ ಬಿಚ್ಚುತ್ತಾರೆ, ಜಾಗ ಹರಾಜಾಗುತ್ತದೆ. ಉಳಿದರೂ ಬೀಗ ಜಡಿದ ಕಟ್ಟಡವಾಗಿ ಉಳಿಯುತ್ತದೆ. ಫುಕುವೋಕಾದಲ್ಲಿ ಹಾಗಾಗಲಿಲ್ಲ. ಪ್ರದರ್ಶನದ ಮುಖ್ಯ ಭವನ ಮರುವರ್ಷವೇ ನಗರದ ವಸ್ತುಸಂಗ್ರಹಾಲಯವಾಯಿತು. ಕೊಲ್ಲಿಯ ಬಾಯಲ್ಲಿರುವ ಶಿಕಾನೊಶಿಮಾ ಎಂಬಲ್ಲಿ 1784ರಲ್ಲಿ ಸಿಕ್ಕ ಪ್ರಾಚೀನ ಚಿನ್ನದ ಮುದ್ರೆ ಈಗ ಅಲ್ಲಿದೆ. ಆಮೇಲೆ ಸಾರ್ವಜನಿಕ ಗ್ರಂಥಾಲಯ ಬಂತು, ಎರಡು ಟಿವಿ ಕೇಂದ್ರಗಳು ತಮ್ಮ ಮನೆಯನ್ನೇ ಗೋಪುರದ ಬಳಿಗೆ ಬದಲಾಯಿಸಿದವು, ಎದುರಿಗೆ ಮರಳು ಹಾಸಿ ಮಾಡಿದ ಕಡಲತೀರವೂ ಇದೆ. ಗೋಪುರ ಒಂಟಿಯಾಗಿ ಉಳಿಯಲಿಲ್ಲ. ಅದನ್ನು ನೋಡಲೆಂದೇ ಬಾರದವರೂ ದಿನವೂ ಅದರ ಬುಡದಲ್ಲಿ ಓಡಾಡುತ್ತಾರೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಪ್ರಸಾರಕ್ಕೆ ಎತ್ತರ ಯಾಕೆ ಬೇಕು?

ನಮ್ಮ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ನಿಮಗೆ ಗೊತ್ತು, 612 ಕಿಲೋಹರ್ಟ್ಸ್. ಆ ಅಲೆಯ ಉದ್ದ ಸುಮಾರು 490 ಮೀಟರ್. ಅಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ, ಭೂಮಿಯ ಬಾಗಿಗೆ ತಾನೂ ಬಾಗುತ್ತದೆ. ರಾತ್ರಿಯಾದರೆ ಮೇಲಿನ ವಾಯುಪದರಕ್ಕೆ ತಾಗಿ ಹಿಂತಿರುಗಿ ಇನ್ನೂ ದೂರ ಹೋಗುತ್ತದೆ. ಅದರ ಕಂಬವನ್ನು ಊರಾಚೆ ತಗ್ಗಿನ ಬಯಲಿನಲ್ಲಿ ನೆಟ್ಟರೂ ನಡೆಯುತ್ತದೆ. ಎಫ್‌ಎಂ ಹಾಗಲ್ಲ. ರೇನ್‌ಬೋ 101.3 ಮೆಗಾಹರ್ಟ್ಸ್ ಅಂದರೆ ಅಲೆಯ ಉದ್ದ ಮೂರು ಮೀಟರೂ ಇಲ್ಲ. ಟಿವಿಯ ಅಲೆ ಇನ್ನೂ ಚಿಕ್ಕದು. ಇಷ್ಟು ಗಿಡ್ಡ ಅಲೆಗಳು ಹೆಚ್ಚು ಬಾಗುವುದಿಲ್ಲ, ಕಣ್ಣಿನ ನೋಟದಂತೆ ನೇರ ಹೋಗುತ್ತವೆ. ಆಂಟೆನಾದಿಂದ ನಿಮ್ಮ ಮನೆಯ ಚಾವಣಿ ಕಾಣುತ್ತಿದ್ದರೆ ನಿಮಗೆ ಚೆನ್ನಾಗಿ ಸಿಗುತ್ತದೆ. ನಡುವೆ ಗುಡ್ಡ ಬಂದರೆ, ಎತ್ತರದ ಕಟ್ಟಡ ಬಂದರೆ, ಕೊನೆಗೆ ಭೂಮಿಯ ಬಾಗೇ ಅಡ್ಡ ಬಂದರೆ, ಸಿಗುವುದು ಕಷ್ಟ.

ಲೆಕ್ಕ ಸರಳ. ಕಡಲಿನಂಥ ಸಪಾಟು ಜಾಗದಲ್ಲಿ, ನಿಂತ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕ್ಷಿತಿಜ ಎಷ್ಟು ಕಿಲೋಮೀಟರ್ ದೂರ ಅಂತ ತಿಳಿಯುತ್ತದೆ. ಮರಳಿನ ಮೇಲೆ ನಿಂತವರ ಕಣ್ಣು ನೀರಿಗಿಂತ ಒಂದೂವರೆ ಮೀಟರ್ ಮೇಲಿರುತ್ತದೆ ಅನ್ನಿ. ಅವರಿಗೆ ಕಡಲು ಕಾಣುವುದು ನಾಲ್ಕೂವರೆ ಕಿಲೋಮೀಟರಿನೊಳಗೆ ಮಾತ್ರ. ಫುಕುವೋಕಾ ಗೋಪುರದ ಮೇಲಿನ ವೀಕ್ಷಣಾ ಅಂತಸ್ತು 123 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹತ್ತಿದವರಿಗೆ ಕ್ಷಿತಿಜ ಸುಮಾರು 40 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಹತ್ತಿರದ ನೊಕೊನೊಶಿಮಾ ದ್ವೀಪ, ಅದರಾಚೆ ಗೆಂಕೈ ಸಮುದ್ರ, ತಿರುಗಿ ನಿಂತರೆ ಊರು, ಊರಿನ ಹಿಂದೆ ಸೆಫುರಿ ಬೆಟ್ಟಸಾಲು ಕಾಣುತ್ತದೆ. ರೇಡಿಯೊ ಅಲೆಯನ್ನು ಗಾಳಿ ತುಸು ಕೆಳಗೆ ಬಾಗಿಸುವುದರಿಂದ ಅದರ ಲೆಕ್ಕಕ್ಕೆ 3.57ರ ಬದಲು 4.12 ಹಾಕುತ್ತೇವೆ. 234 ಮೀಟರ್ ಎತ್ತರದ ತುದಿಯಿಂದ ಅದು 63 ಕಿಲೋಮೀಟರ್ ಆಗುತ್ತದೆ.

ಎರಡೂ ಲೆಕ್ಕ ಒಂದೇ ಜಾತಿಯವು ಅನ್ನುವುದನ್ನು ಗಮನಿಸಿ. ಯಾವ ಎತ್ತರ ಕಣ್ಣಿಗೆ ದೂರ ಕೊಡುತ್ತದೋ ಅದೇ ಎತ್ತರ ಅಲೆಗೂ ದೂರ ಕೊಡುತ್ತದೆ. ನೋಡುವ ಗೋಪುರ, ಪ್ರಸಾರದ ಗೋಪುರ ಎರಡೂ ಒಂದೇ ಆಗುವುದಕ್ಕೆ ಕಾರಣ ಇಷ್ಟೇ. ಈ ಸಂಬಂಧ ನನಗೆ ಈಗಲೂ ಬಹಳ ಸುಂದರ ಅನ್ನಿಸುತ್ತದೆ.

ಎತ್ತರವನ್ನು ನಾಲ್ಕು ಪಟ್ಟು ಮಾಡಿದರೆ ದೂರ ಎರಡೇ ಪಟ್ಟಾಗುತ್ತದೆ, ಅದು ವರ್ಗಮೂಲದ ಗುಣ. ಹಾಗಾಗಿ ‘ಇನ್ನೂ ಎತ್ತರ, ಇನ್ನೂ ಎತ್ತರ’ ಅನ್ನುವ ಹಟಕ್ಕೆ ಫಲ ಬರಬರುತ್ತಾ ಕಡಿಮೆಯಾಗುತ್ತದೆ. ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಎಷ್ಟು ಎತ್ತರ ಅನ್ನುವುದಕ್ಕಿಂತ ದೊಡ್ಡ ಮಾತು.

ಪ್ರಸಾರದ ಕಂಬದ ಮೇಲೆ ಜನರನ್ನು ಹತ್ತಿಸುವ ಆಲೋಚನೆ ಎಲ್ಲಿಂದ ಬಂತು? ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1950ರ ದಶಕದ ಆರಂಭದಲ್ಲಿ ಅಲ್ಲಿನ ಪ್ರಸಾರ ಸಂಸ್ಥೆ ಸುಮಾರು 200 ಮೀಟರಿನ ಸಾದಾ ಉಕ್ಕಿನ ಕಂಬ ನೆಡಲು ಹೊರಟಿತ್ತು. ಫ್ರಿಟ್ಸ್ ಲಿಯೊನ್‌ಹಾರ್ಟ್ ಅನ್ನುವ ಸೇತುವೆ ಎಂಜಿನಿಯರು ಅದರ ಬದಲು ಕಾಂಕ್ರೀಟಿನ ಗೋಪುರ ಕಟ್ಟಿ, ಮೇಲೆ ಜನರಿಗೆ ಜಾಗ ಮಾಡೋಣ ಅಂದರು. ಖರ್ಚು ಹೆಚ್ಚು ಅಂತ ತಕರಾರು ಬಂತು. 1956ರಲ್ಲಿ ಗೋಪುರ ತೆರೆಯಿತು. ಐದೇ ವರ್ಷದಲ್ಲಿ ಪ್ರವೇಶ ಶುಲ್ಕದಿಂದಲೇ ಕಟ್ಟಿದ ಹಣ ವಾಪಸ್ಸು ಬಂತು. ಅದೇ ಹೊತ್ತಿಗೆ ಜಪಾನಿನಲ್ಲಿ ತಾಚು ನಾಯ್ಟೊ ಅನ್ನುವ ಎಂಜಿನಿಯರು ಗೋಪುರದ ಮೇಲೆ ಗೋಪುರ ಕಟ್ಟುತ್ತಿದ್ದರು: 1954ರಲ್ಲಿ ನಗೋಯಾ, 1957ರಲ್ಲಿ ಸಪ್ಪೊರೊ, 1958ರಲ್ಲಿ 333 ಮೀಟರಿನ ಟೋಕಿಯೊ ಟವರ್. ಆ ಸಾಲಿನ ಕೊನೆಯದು ಫುಕುವೋಕಾದಲ್ಲೇ ಇದೆ. 1964ರಲ್ಲಿ ಆದ 100 ಮೀಟರಿನ ಹಕಾಟಾ ಬಂದರು ಗೋಪುರ ಅದು. ಅದನ್ನು ಹತ್ತಲು ದುಡ್ಡು ಕೊಡಬೇಕಾಗಿಲ್ಲ. ಒಂದೇ ಕೊಲ್ಲಿಯ ದಂಡೆಯಲ್ಲಿ ಇಂಥ ಎರಡು ಗೋಪುರ ಇಟ್ಟುಕೊಂಡ ಊರು ಅದು.

ನಮ್ಮ ದೇಶದಲ್ಲೂ ಇಂಥದ್ದು ಇಲ್ಲವೆಂದಲ್ಲ. ದೆಹಲಿಯ ಪೀತಂಪುರದ ಟಿವಿ ಗೋಪುರ 1988ರದು, ಎತ್ತರ 235 ಮೀಟರ್. ಫುಕುವೋಕಾದ್ದಕ್ಕಿಂತ ಒಂದು ವರ್ಷ ಹಳೆಯದು, ಒಂದು ಮೀಟರ್ ಎತ್ತರ. ರಾಮೇಶ್ವರದ ಟಿವಿ ಗೋಪುರ 323 ಮೀಟರ್, ಅದೂ ಕಡಲಂಚಿನದೇ. ಆದರೆ ಪೀತಂಪುರದ ವೀಕ್ಷಣಾ ಅಂತಸ್ತಿಗೆ ಈಗ ಜನರಿಗೆ ಪ್ರವೇಶವಿಲ್ಲ. ರಾಮೇಶ್ವರಕ್ಕೆ ವರ್ಷವಿಡೀ ಬರುವ ಯಾತ್ರಿಕರು ಆ ಗೋಪುರವನ್ನು ದೂರದಿಂದ ನೋಡಿ ಹೋಗುತ್ತಾರೆ. ಭದ್ರತೆಯ ಕಾರಣ ನನಗೆ ಅರ್ಥವಾಗುತ್ತದೆ, ಪ್ರಸಾರ ಕೇಂದ್ರ ಅಂದರೆ ಅಂಥ ಜಾಗವೇ. ಆದರೂ ಹೇಳಿಬಿಡುತ್ತೇನೆ: ಜನ ಹತ್ತಲಾಗದ ಗೋಪುರ ಗುರುತಾಗಿ ಉಳಿಯಬಹುದು, ಪ್ರೀತಿಯದಾಗುವುದು ಕಷ್ಟ. ಸ್ಟುಟ್‌ಗಾರ್ಟ್, ಫುಕುವೋಕಾ, ದೆಹಲಿ ಮೂರರಲ್ಲೂ ಎತ್ತರ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬಾಗಿಲಿನದು.

ಫುಕುವೋಕಾ ಗೋಪುರದ ಮೈಯ ಬಗ್ಗೆ ಹೇಳಲೇಬೇಕು. ಅದರ ಅಡ್ಡಸೀಳು ತ್ರಿಕೋನ. ಹೊರಮೈಗೆ 8,000 ಅರೆಗನ್ನಡಿಗಳನ್ನು ಜೋಡಿಸಿದ್ದಾರೆ. ಒಳಗಿನಿಂದ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಆಕಾಶ ಕಾಣುತ್ತದೆ. ಮೋಡ ಕವಿದರೆ ಗೋಪುರ ಬೂದು, ಬಿಸಿಲಿದ್ದರೆ ನೀಲಿ. ಕಡಲ ಬದಿಯಿಂದ ಚೂಪಾಗಿ ಕಾಣುವ ಈ ರೂಪಕ್ಕೆ ‘ಮಿರರ್ ಸೇಲ್’, ಅಂದರೆ ಕನ್ನಡಿಯ ಹಾಯಿ, ಅನ್ನುವ ಅಡ್ಡಹೆಸರು ಬಂದಿದೆ. ಇಷ್ಟು ಕನ್ನಡಿ ನೋಡಿದರೆ ಒಳಗೆ ಹತ್ತಾರು ಮಹಡಿ ಕಚೇರಿಗಳಿರಬೇಕು ಅನ್ನಿಸುತ್ತದೆ. ಇಲ್ಲ. ಬುಡದ ಅಂತಸ್ತುಗಳನ್ನು ಬಿಟ್ಟರೆ 116 ಮೀಟರಿನ ಮೊದಲ ವೀಕ್ಷಣಾ ಅಂತಸ್ತಿನವರೆಗೆ ಒಳಗೆಲ್ಲ ಬರಿದು. ಉಕ್ಕಿನ ತೊಲೆಗಳ ನಡುವೆ ಲಿಫ್ಟ್ ಮೇಲೇರುತ್ತದೆ, ಗಾಜಿನಿಂದ ಗೋಪುರದ ಎಲುಬುಗೂಡೇ ಕಾಣುತ್ತದೆ. ಬಾಡಿಗೆಗೆ ಕೊಡಬಹುದಾದ ಅಷ್ಟೂ ಜಾಗವನ್ನು ಖಾಲಿ ಬಿಡುವ ಧೈರ್ಯ ದೊಡ್ಡದು. ಜೊತೆಗೆ ಅದು ಎಂಜಿನಿಯರಿಂಗ್ ವಿವೇಕವೂ ಹೌದು. ಮಣ್ಣು ತುಂಬಿದ ನೆಲದ ಮೇಲೆ, ಭೂಕಂಪದ ನಾಡಿನಲ್ಲಿ, ಮೇಲೆ ಭಾರ ಕಡಿಮೆಯಿದ್ದಷ್ಟೂ ಒಳ್ಳೆಯದು. ಉಪ್ಪುಗಾಳಿ ಉಕ್ಕಿಗೆ ಶತ್ರು. ಉಕ್ಕು ಗಾಜಿನ ಒಳಗಿದ್ದರೆ ಆ ಗಾಳಿ ನೇರವಾಗಿ ಬಡಿಯುವುದಿಲ್ಲ.

ಸೆಕೆಂಡಿಗೆ 65 ಮೀಟರ್ ವೇಗದ ಚಂಡಮಾರುತವನ್ನು ತಡೆಯುವಂತೆ ಅದರ ವಿನ್ಯಾಸ ಮಾಡಿದ್ದಾರೆ. 2005ರ ಮಾರ್ಚ್ 20ರಂದು ಊರಿನ ವಾಯವ್ಯಕ್ಕೆ, ಕಡಲಿನಡಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಗೆಂಕೈ ದ್ವೀಪದಲ್ಲಿ ಮನೆಗಳು ಕುಸಿದವು. ಊರೊಳಗೆ ತೆಂಜಿನ್ ಎಂಬ ವ್ಯಾಪಾರ ಕೇಂದ್ರದಲ್ಲಿ ಹಳೆಯ ಕಟ್ಟಡವೊಂದರ ಕಿಟಕಿ ಗಾಜುಗಳು ರಸ್ತೆಗೆ ಉದುರಿದವು. ಗೋಪುರ ನಿಂತಿತು. ಪ್ರಸಾರ ಗೋಪುರಕ್ಕೆ ನಿಲ್ಲುವುದೇ ಮೊದಲ ಕರ್ತವ್ಯ. ಊರು ನಡುಗಿದ ಗಳಿಗೆಯಲ್ಲೇ ಜನ ಮೊದಲು ಹುಡುಕುವುದು ರೇಡಿಯೊ, ಟಿವಿಯ ಸುದ್ದಿಯನ್ನು.

ಊರಿನ ಮಧ್ಯೆ ಬಿಟ್ಟು ಕಡಲಂಚಿಗೆ ಯಾಕೆ ಹೋದರು ಅನ್ನುವುದಕ್ಕೆ ಇನ್ನೊಂದು ಹಿನ್ನೆಲೆ ಇದೆ, ಬೆಂಗಳೂರಿನವರು ಕಿವಿಗೊಟ್ಟು ಕೇಳಬೇಕಾದದ್ದು. ಫುಕುವೋಕಾದ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ, ಹಕಾಟಾ ನಿಲ್ದಾಣದಿಂದ ಮೆಟ್ರೊದಲ್ಲಿ ಎರಡನೆಯ ಸ್ಟಾಪ್. ಹಾಗಾಗಿ ಊರಿನ ನಡುಭಾಗದಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿಯಿದೆ. ಗೋಪುರ ಇರುವುದು ಅಲ್ಲಿಂದ ದೂರ, ಪಶ್ಚಿಮದ ಬದಿಯಲ್ಲಿ. ನಮ್ಮಲ್ಲಿ ಎಚ್‌ಎಎಲ್ ಇದೆ, ಯಲಹಂಕ ಇದೆ, ಜಕ್ಕೂರು ಇದೆ, ದೇವನಹಳ್ಳಿ ಇದೆ. ಸ್ಕೈಡೆಕ್‌ಗೆ ಜಾಗ ಹುಡುಕುವ ಚರ್ಚೆಯಲ್ಲಿ ವಿಮಾನಗಳ ಮಾತು ಬಂದದ್ದು ಸಹಜವೇ.

ಇನ್ನು ನಮ್ಮ ಊರಿಗೆ ಬರುತ್ತೇನೆ. ಬೆಂಗಳೂರಿನ ಗುರುತು ಗೋಪುರಗಳಿಂದಲೇ ಶುರುವಾಗಿದ್ದು. ಲಾಲ್‌ಬಾಗ್ ಬಂಡೆಯ ಮೇಲೆ, ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ, ಮೇಖ್ರಿ ವೃತ್ತದ ಹತ್ತಿರ ಇರುವ ಕೆಂಪೇಗೌಡರ ಗೋಪುರಗಳನ್ನು ನೀವೆಲ್ಲ ಕಂಡಿದ್ದೀರಿ. ಚಿಕ್ಕವು. ನಾಲ್ಕು ಕಂಬ, ಮೇಲೊಂದು ಶಿಖರ. ಆದರೆ ಇಟ್ಟ ಜಾಗ ನೋಡಿ. ಲಾಲ್‌ಬಾಗಿನ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಎತ್ತರವನ್ನು ಅದೇ ಕೊಟ್ಟಿದೆ. ಕಟ್ಟಿದವರು ಅದರ ಮೇಲೆ ಗುರುತು ಮಾತ್ರ ಇಟ್ಟರು. ಇವತ್ತಿಗೂ ಬೆಳಿಗ್ಗೆ ವಾಕಿಂಗ್ ಬಂದವರು ಬಂಡೆ ಹತ್ತಿ ಒಂದು ಸುತ್ತು ಕಣ್ಣು ಹಾಯಿಸಿ ಇಳಿಯುತ್ತಾರೆ.

ಆಮೇಲಿನ ಕಾಲದಲ್ಲಿ ಎಂ.ಜಿ. ರಸ್ತೆಯ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಬಹಳ ಕಾಲ ಊರಿನ ಎತ್ತರದ ಅಳತೆಗೋಲಾಗಿತ್ತು. ಜೆ.ಸಿ. ನಗರದಲ್ಲಿ ದೂರದರ್ಶನ ಕೇಂದ್ರದ ಕಂಬ ಎದ್ದಿತು. ಆ ಸುತ್ತಿನವರು ಅದನ್ನು ‘ಟಿವಿ ಟವರ್’ ಅಂತಲೇ ಗುರುತು ಹೇಳುತ್ತಾರೆ. ಪ್ರಸಾರದ ಇತಿಹಾಸದಲ್ಲಿ ನಾವು ಹಿಂದೆ ಬಿದ್ದವರಲ್ಲ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ನಡೆಸಿದರು. ಆಕಾಶವಾಣಿ 1955ರಲ್ಲಿ ಬೆಂಗಳೂರಿಗೆ ಬಂತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಳಿಸಿದ್ದೂ ಇಲ್ಲೇ. ಇಷ್ಟು ಹಳೆಯ ನಂಟಿರುವ ಊರಿನಲ್ಲಿ, ಪ್ರಸಾರ ಹೇಗೆ ನಡೆಯುತ್ತದೆ ಅಂತ ಒಂದು ಮಗು ಮೇಲೆ ಹತ್ತಿ ನೋಡಬಹುದಾದ ಜಾಗ ಒಂದೂ ಇಲ್ಲ ಅನ್ನುವುದು ನನ್ನನ್ನು ಕಾಡುತ್ತದೆ.

‘ನಮಗೆ ಕಡಲೇ ಇಲ್ಲವಲ್ಲ, ಮೇಲೆ ಹತ್ತಿ ಏನು ನೋಡುವುದು?’ ಅಂತ ಕೇಳಬಹುದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿನ ದಿಣ್ಣೆ. ಉತ್ತರಕ್ಕೆ 1,478 ಮೀಟರಿನ ನಂದಿಬೆಟ್ಟ, ಪಶ್ಚಿಮಕ್ಕೆ 1,226 ಮೀಟರಿನ ಸಾವನದುರ್ಗ, ವಾಯವ್ಯಕ್ಕೆ ಶಿವಗಂಗೆ. ನೆಲದಿಂದ 250 ಮೀಟರ್ ಮೇಲೆ ಹೋದರೆ ನಮ್ಮ ಅದೇ ಲೆಕ್ಕದಲ್ಲಿ ಕ್ಷಿತಿಜ 56 ಕಿಲೋಮೀಟರ್. ಎದುರಿನ ಬೆಟ್ಟಗಳಿಗೆ ತಮ್ಮದೇ ಎತ್ತರವೂ ಇರುವುದರಿಂದ, ಗಾಳಿ ತಿಳಿಯಾಗಿರುವ ದಿನ ಇವೆಲ್ಲ ಒಂದೇ ನೋಟಕ್ಕೆ ಸಿಗಬೇಕು. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ಕಣಿವೆಗಳು, ಈಗ ಎಲ್ಲೆಲ್ಲಿ ಅವು ಕಟ್ಟಡದಡಿ ಹೋಗಿವೆ ಅನ್ನುವುದು ಮೇಲಿನಿಂದ ಕಾಣುತ್ತದೆ. ಮಳೆಗಾಲದಲ್ಲಿ ಬಡಾವಣೆಗಳು ಯಾಕೆ ಮುಳುಗುತ್ತವೆ ಅಂತ ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ತರಗತಿ ಕೋಣೆ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸರ್, ಎಲ್ಲರೂ ಮೊಬೈಲಿನಲ್ಲೇ ನೋಡುತ್ತಾರೆ. ಇನ್ನು ಪ್ರಸಾರ ಗೋಪುರಕ್ಕೆ ಕೆಲಸ ಎಲ್ಲಿದೆ?’

ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ದೂರದರ್ಶನದ ಹಳೆಯ ಅನಲಾಗ್ ಭೂಪ್ರಸಾರ, ಅಂದರೆ ಗೋಪುರದಿಂದ ಮನೆಯ ಆಂಟೆನಾಕ್ಕೆ ಬರುತ್ತಿದ್ದ ಹಳೆಯ ಬಗೆಯ ಪ್ರಸಾರ, 2022ರ ಹೊತ್ತಿಗೆ ಬಹುಪಾಲು ಕಡೆ ನಿಂತಿತು. ಜಪಾನಿನ ಬಹುಭಾಗದಲ್ಲಿ 2011ರ ಜುಲೈನಲ್ಲೇ ಅನಲಾಗ್ ನಿಂತಿತು, ಆಗ ನಗೋಯಾದ ಗೋಪುರ ಪ್ರಸಾರದ ಕೆಲಸ ಕಳೆದುಕೊಂಡಿತು. ಅದನ್ನು ಕೆಡವಲಿಲ್ಲ. ಒಳಗೆ ಹೋಟೆಲ್ ಮಾಡಿದರು, 2022ರಲ್ಲಿ ಅದು ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಣೆಯಾಯಿತು. ಅರವತ್ತು ವರ್ಷ ಜನ ಹತ್ತಿ ಇಳಿದಿದ್ದರಿಂದ ಅದಕ್ಕೆ ಆ ಮರ್ಯಾದೆ ಸಿಕ್ಕಿತು ಅಂತ ನಾನು ನಂಬುತ್ತೇನೆ. ಇನ್ನು ಎಫ್‌ಎಂ ಎಲ್ಲಿಗೂ ಹೋಗಿಲ್ಲ. ನೆಟ್‌ವರ್ಕ್ ಬಿದ್ದ ದಿನ, ಕರೆಂಟು ಹೋದ ರಾತ್ರಿ, ಒಂದು ಟ್ರಾನ್ಸ್‌ಮಿಟರ್ ಲಕ್ಷಾಂತರ ಮನೆಗೆ ಒಟ್ಟಿಗೆ ಮಾತಾಡಬಲ್ಲದು. ಕೇಳುವವರ ಸಂಖ್ಯೆ ಎಷ್ಟೇ ಏರಿದರೂ ಅದಕ್ಕೆ ಭಾರವಾಗುವುದಿಲ್ಲ.

ಇನ್ನೊಬ್ಬ ಹಿರಿಯರು ಕೇಳಿದ್ದು: ‘ಹೊಸದು ಯಾಕೆ ಕಟ್ಟಬೇಕು ಸ್ವಾಮಿ, ಜೆ.ಸಿ. ನಗರದ ಟವರಿಗೇ ಒಂದು ಲಿಫ್ಟ್ ಹಾಕಿ ಜನರನ್ನು ಬಿಡಬಾರದೇ?’

ಆಸೆ ನನಗೂ ಇದೆ, ಆದರೆ ಆಗದು. ಆಂಟೆನಾ ಹೊರಲು ಮಾತ್ರ ಲೆಕ್ಕ ಹಾಕಿದ ಕಂಬ ನೂರಾರು ಜನರ ಭಾರವನ್ನೂ ಅವರಿಗಾಗಿ ಕಟ್ಟುವ ಅಂತಸ್ತಿಗೆ ತಗಲುವ ಗಾಳಿಯ ಒತ್ತಡವನ್ನೂ ತಡೆಯುವುದಿಲ್ಲ. ಬೆಂಕಿ ಬಿದ್ದರೆ ಇಳಿಯಲು ಮೆಟ್ಟಿಲು ಬೇಕು. ಚಾಲೂ ಇರುವ ಆಂಟೆನಾದ ತೀರ ಹತ್ತಿರ ಜನ ನಿಲ್ಲುವಂತೆಯೂ ಇಲ್ಲ, ಆ ಶಕ್ತಿಯ ಅಲೆ ಮೈಗೆ ಒಳ್ಳೆಯದಲ್ಲ. ಫುಕುವೋಕಾದಲ್ಲಿ ಜನ 123 ಮೀಟರಿಗೆ ನಿಲ್ಲುತ್ತಾರೆ, ಅದರ ಮೇಲಿನ ಕಂಬ ಆಂಟೆನಾಗಳಿಗೆ ಮೀಸಲು. ಆ ಅಂತರವನ್ನು ಮೊದಲ ನಕ್ಷೆಯಲ್ಲೇ ಬರೆದಿದ್ದರು. ಬೆಂಗಳೂರಿನ ಸ್ಕೈಡೆಕ್ ನಕ್ಷೆಯಲ್ಲಿ ನೆತ್ತಿಯ ಮೇಲೆ ಪ್ರಸಾರದ ಕಂಬಕ್ಕೆ ಜಾಗ ಬಿಡಿ, ಬುಡದಲ್ಲಿ ಗ್ರಂಥಾಲಯಕ್ಕೋ ಸಂಗ್ರಹಾಲಯಕ್ಕೋ ಜಾಗ ಬಿಡಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಟಿಕೆಟ್ ಬೇಡ ಅಂತ ಬರೆಯಿರಿ. ಕಾಂಕ್ರೀಟು ಬಿದ್ದ ಮೇಲೆ ಇವುಗಳಲ್ಲಿ ಮೊದಲ ಎರಡನ್ನು ಸೇರಿಸಲು ಬರುವುದಿಲ್ಲ. ನಕ್ಷೆ ಜನರ ಮುಂದೆ ಬಂದ ದಿನ ನಾವೆಲ್ಲ ಹೋಗಿ ಕೇಳಬೇಕಾದದ್ದು ಇದನ್ನೇ.